ಮೇಜಿನ ಕೆಳಗಿನ ರಬ್ಬರ್ ಚಪ್ಪಲಿ

ನಿಮ್ಮ ಮನೆಯಲ್ಲೂ ಇಂಥದ್ದೊಂದು ಇರಬಹುದು. ಮುಟ್ಟಿದರೆ ಜುಮ್ ಅನ್ನುವ ಫ್ರಿಜ್ಜು, ಇಲ್ಲವೇ ಒದ್ದೆ ಕೈ ತಾಕಿದರೆ ಚುರ್ ಅನ್ನುವ ಇಸ್ತ್ರಿಪೆಟ್ಟಿಗೆ. "ಅದು ಹಂಗೇನೇ, ಸ್ವಲ್ಪ ಹೊಡೆಯುತ್ತೆ" ಅಂತ ಬಂದವರಿಗೆ ನಗುತ್ತಾ ಹೇಳಿ ಸುಮ್ಮನಾಗುತ್ತೀರಿ. ಬೀಗದಣ್ಣನ ಮನೆಯಲ್ಲಿ ಹಾಗೆ ಹೊಡೆಯುತ್ತಿದ್ದದ್ದು ಕಂಪ್ಯೂಟರು.

ಬೀಗದಣ್ಣ ಅಂದರೆ ಬಸ್ ನಿಲ್ದಾಣದ ಎದುರು ಕೀಲಿಕೈ ಮಾಡಿಕೊಡುವವನು. ಕೈಗೆ ಸಿಕ್ಕಿದ್ದನ್ನು ಬಿಚ್ಚಿ ನೋಡದಿದ್ದರೆ ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ. ಆ ಕಂಪ್ಯೂಟರನ್ನೂ ಅವನೇ ಜೋಡಿಸಿದ್ದ. ಗುಜರಿಯ ಕಬ್ಬಿಣದ ಪೆಟ್ಟಿಗೆಗೆ ಯಾರೋ ಮಾರಿದ ಬೋರ್ಡು, ಇನ್ಯಾರೋ ಬಿಸಾಡಿದ ಫ್ಯಾನು. ಜೋಡಿಸಿದ್ದು ಹೆಂಡತಿಗಾಗಿ. ಅವಳು ಮನೆಯಲ್ಲೇ ಕೂತು ಶಾಲೆಗಳ ಪ್ರಶ್ನೆಪತ್ರಿಕೆ ಟೈಪ್ ಮಾಡಿಕೊಡುತ್ತಿದ್ದಳು. ಬೀದಿಯವರಿಗೆಲ್ಲ ಅವಳು ಟೈಪಿಂಗ್ ಅಕ್ಕ.

ಜೋಡಿಸಿ ಮುಗಿದ ದಿನ ಒಂದು ತೊಡಕು ಬಂತು. ಕಂಪ್ಯೂಟರಿನ ಪ್ಲಗ್ಗಿಗೆ ಮೂರು ಪಿನ್ನು, ಹಜಾರದ ಹಳೆಯ ಸಾಕೆಟ್ಟಿಗೆ ಎರಡೇ ತೂತು. ಬೀಗದಣ್ಣ ಇಕ್ಕಳ ತಂದ. ಮೇಲಿನ ದಪ್ಪ ಪಿನ್ನನ್ನು ಹಿಡಿದು ಎರಡು ಸಲ ತಿರುಚಿದ. ಕಟಕ್!

"ಕೆಲಸ ಮಾಡೋದು ಎರಡೇ ಕಣೇ. ಇದೊಂದು ಸುಮ್ನೆ ಶೋಕಿಗೆ ಇಟ್ಟಿರ್ತಾರೆ," ಅಂದ. ಮುರಿದ ಪಿನ್ನನ್ನು ಮೊಳೆಗಳ ಡಬ್ಬಿಗೆ ಹಾಕಿದ. ಬೀಗದವನು ಹಿತ್ತಾಳೆ ಬಿಸಾಡುವುದುಂಟೇ?

ಅವತ್ತಿನಿಂದ ಪೆಟ್ಟಿಗೆ ಮುಟ್ಟಿದರೆ ಜುಮ್. ಅದಕ್ಕೂ ಅವನು ಒಂದು ಉಪಾಯ ಕಂಡುಕೊಂಡ. ನೀಲಿ ಪಟ್ಟಿಯ ಒಂದು ಜೊತೆ ರಬ್ಬರ್ ಚಪ್ಪಲಿ ತಂದು ಮೇಜಿನ ಕೆಳಗಿಟ್ಟ. ಯಾರು ಕಂಪ್ಯೂಟರಿನ ಮುಂದೆ ಕೂತರೂ ಅದನ್ನು ಮೆಟ್ಟಿಕೊಂಡೇ ಕೂರಬೇಕು. "ಎಲ್ಲರ ಮನೇಲಿ ಚಪ್ಪಲಿ ಬಾಗಿಲ ಹೊರಗೆ, ನಮ್ಮನೇಲಿ ಮೇಜಿನ ಕೆಳಗೆ. ನಮ್ಮ ಯಜಮಾನರ ಕಾನೂನು!" ಅಂತ ಅವಳು ಬಂದವರ ಹತ್ತಿರ ತಮಾಷೆ ಮಾಡುತ್ತಿದ್ದಳು. ನಾಲ್ಕು ವರ್ಷ ಹೀಗೇ ನಡೆಯಿತು.

ಒಂದು ಸೋಮವಾರ ಬೆಳಿಗ್ಗೆ ಟೈಪ್ ಮಾಡುತ್ತಿದ್ದ ಹಾಗೆ ಪೆಟ್ಟಿಗೆಯ ಒಳಗೆ ಢಬ್ ಅಂತ ಸದ್ದಾಯಿತು. ಪರದೆ ಕಪ್ಪಾಯಿತು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಅಡುಗೆಮನೆವರೆಗೂ ಹಬ್ಬಿತು.

"ರೀ, ಏಳು ತರಗತಿ ಪ್ರಶ್ನೆಪತ್ರಿಕೆ ಅದರೊಳಗೇ ಇದೆ! ಗುರುವಾರ ಶಾಲೆಗೆ ಕೊಡ್ಬೇಕು. ಕೊಡದಿದ್ರೆ ಮುಂದಿನ ವರ್ಷ ನನ್ನ ಕರೀತಾರಾ?" ಅವಳ ಮುಖ ಬಿಳಿಚಿಕೊಂಡಿತ್ತು.

ಮಧ್ಯಾಹ್ನ ಅವಳ ತಂಗಿ ಬಂದಳು. ದೊಡ್ಡಾಸ್ಪತ್ರೆಯಲ್ಲಿ ಯಂತ್ರಗಳನ್ನು ರಿಪೇರಿ ಮಾಡುವ ಕೆಲಸ ಅವಳದು. ಬೀಗದಣ್ಣ ಅವಳನ್ನು ಎಂಜಿನಿಯರಮ್ಮ ಅಂತಲೇ ರೇಗಿಸುವುದು. ಅವಳು ಮೊದಲು ಬೀರು ಸರಿಸಿ, ಅದರ ಹಿಂದಿನ ಸಾಕೆಟ್ಟಿಗೆ ಟೆಸ್ಟರ್ ಇಟ್ಟು ನೋಡಿದಳು. ಕರೆಂಟಿತ್ತು. ಪ್ಲಗ್ ಕಿತ್ತು, ಪೆಟ್ಟಿಗೆಯ ಬಾಗಿಲು ತೆಗೆದು, ಹಿಂಬದಿಯ ತಗಡಿನ ಡಬ್ಬಿಯ ಹತ್ತಿರ ಮೂಗು ತಂದಳು.

"ಪವರ್ ಸಪ್ಲೈ ಸತ್ತಿದೆ ಭಾವ. ಗೋಡೆ ಕರೆಂಟನ್ನ ಕಂಪ್ಯೂಟರಿಗೆ ಬೇಕಾದಷ್ಟಕ್ಕೆ ಇಳಿಸಿಕೊಡೋದು ಇದೇ. ಇದನ್ನ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗೆ ಕರೆಂಟು ಕೂತಿರುತ್ತೆ. ಇಡೀ ಡಬ್ಬಿನೇ ಬದಲಾಯಿಸಬೇಕು, ಅದೂ ಹೊಸದೇ."

"ನೋಡಮ್ಮ, ನೀನು ಹುಟ್ಟೋ ಮುಂಚೆಯಿಂದ ಬೀಗ ಬಿಚ್ತಿದ್ದೀನಿ ನಾನು."

"ಬೀಗ ತಿರುಗಿ ಕಚ್ಚಲ್ಲ ಭಾವ." ಅಷ್ಟು ಹೇಳಿ ಅವಳು ಪ್ಲಗ್ಗನ್ನು ಕೈಗೆತ್ತಿಕೊಂಡಳು. ಮುರಿದ ಜಾಗವನ್ನು ಬೆರಳಲ್ಲಿ ಸವರಿ ನೋಡಿದಳು. ಆಮೇಲೆ ಬಗ್ಗಿ ಮೇಜಿನ ಕೆಳಗಿನ ಚಪ್ಪಲಿ ನೋಡಿದಳು. ಅವಳ ಮುಖದ ನಗೆಯೆಲ್ಲ ಇಂಗಿಹೋಯಿತು.

"ಇದನ್ನ ಮುರಿದವರು ಯಾರು?"

"ನಾನೇ. ಏನೀಗ? ನಾಲ್ಕು ವರ್ಷದಿಂದ ಏನಾಗಿದೆ?"

"ಇದು ಅರ್ಥಿಂಗ್ ಪಿನ್ನು ಭಾವ. ಒಳಗೆಲ್ಲಾದ್ರೂ ತಂತಿ ಪೆಟ್ಟಿಗೆಗೆ ತಾಗಿದ್ರೆ, ಆ ಕರೆಂಟು ಈ ಪಿನ್ನಿನ ದಾರಿ ಹಿಡಿದು ನೆಲಕ್ಕೆ ಹೋಗುತ್ತೆ. ಆ ಕ್ಷಣಾನೇ ಫ್ಯೂಸೂ ಹೋಗುತ್ತೆ. ಪಿನ್ನಿಲ್ದಿದ್ರೆ ಕರೆಂಟು ಪೆಟ್ಟಿಗೇಲೇ ಕಾಯ್ಕೊಂಡು ಕೂತಿರುತ್ತೆ. ಮುಟ್ಟಿದವರ ಮೈಯೇ ಅದಕ್ಕೆ ದಾರಿ. ಜುಮ್ ಅಂತಿತ್ತಲ್ಲ, ಅದು ನಾಲ್ಕು ವರ್ಷದಿಂದ ನಿಮ್ಮನ್ನ ಕೂಗಿ ಕರೀತಿತ್ತು. ನೀವು ಚಪ್ಪಲಿ ಹಾಕ್ಕೊಂಡು ಕೂತ್ರಿ!"

ಶನಿವಾರ ತಾನೇ ವೈರಿಂಗಿನವನನ್ನು ಕರೆದುಕೊಂಡು ಬರುತ್ತೇನೆ, ಹೊಸ ಸಪ್ಲೈಯನ್ನೂ ತರುತ್ತೇನೆ ಅಂದಳು. "ಅಕ್ಕನ ಫೈಲುಗಳು ಈ ಡಿಸ್ಕಲ್ಲಿವೆ. ಇದೊಂದನ್ನ ಕೊಡಿ, ಆಸ್ಪತ್ರೆ ಕಂಪ್ಯೂಟರಲ್ಲಿ ಹಾಕಿ ನಾಳೇನೇ ತೆಗೆದುಕೊಡ್ತೀನಿ."

"ಏನೂ ಬೇಡ. ನಾನು ಜೋಡಿಸಿದ್ದು, ನಾನೇ ಎಬ್ಬಿಸ್ತೀನಿ."

"ಅವಳು ಹೇಳಿದ್ದು ಒಂದು ಸಲನಾದ್ರೂ ಕೇಳ್ರೀ," ಅಂದಳು ಹೆಂಡತಿ. ಕೇಳಿದ್ದರೆ ಈ ಕಥೆ ನಿಮ್ಮ ಕೈಗೆ ಬರುತ್ತಿರಲಿಲ್ಲ.

ಹಾಗಂತ ಅವನು ಕೆಟ್ಟವನಲ್ಲ. ಹೆಂಡತಿಯ ಬಾಡಿದ ಮುಖ ನೋಡಲಾಗದೆ ಮರುದಿನ ಅಂಗಡಿಯನ್ನೇ ಮುಚ್ಚಿ ಗುಜರಿಗೆ ಹೋದ. ಅಲ್ಲಿಂದ ಒಂದು ಹಳೆಯ ಪವರ್ ಸಪ್ಲೈ ತಂದ. ಬಿಚ್ಚಬೇಡಿ ಅಂದಂಥ ಡಬ್ಬಿಯನ್ನೇ ಬಿಚ್ಚಿ, ಒಳಗೆ ಸುಟ್ಟುಹೋಗಿದ್ದ ಫ್ಯೂಸಿನ ಬದಲು ಹೊಸದು ಹಾಕಿದ. ಮುಚ್ಚಳ ಸರಿಯಾಗಿ ಕೂರಲಿಲ್ಲ. ಬೀಗದ ಮುಚ್ಚಳ ಕೂರದಿದ್ದರೆ ಹೆಬ್ಬೆರಳಲ್ಲಿ ಒತ್ತಿ ಹಿಡಿದು ತಿರುಪು ಬಿಗಿಯುವುದು ಅವನ ಕೈಗೆ ಮೂವತ್ತು ವರ್ಷದ ರೂಢಿ. ಇಲ್ಲೂ ಹಾಗೇ ಒತ್ತಿದ, ಬಿಗಿದ. ಮುಚ್ಚಳದ ಅಂಚಿನ ಕೆಳಗೆ ಒಂದು ತಂತಿ ಸಿಕ್ಕಿಕೊಂಡದ್ದು ಅವನಿಗೆ ಕಾಣಲಿಲ್ಲ.

ಬುಧವಾರ ಬೆಳಿಗ್ಗೆ ಹೆಂಡತಿ ಹಜಾರ ಒರೆಸುತ್ತಿದ್ದಳು. ಅವನು ಪ್ಲಗ್ ಸಿಕ್ಕಿಸಿ, ಬೀರುವನ್ನು ಮತ್ತೆ ಹಿಂದಕ್ಕೆ ತಳ್ಳಿ, ನೀಲಿ ಪಟ್ಟಿಯ ಚಪ್ಪಲಿ ಮೆಟ್ಟಿಕೊಂಡು ಪೆಟ್ಟಿಗೆಯ ಸ್ವಿಚ್ ಹಾಕಿದ. ಫ್ಯಾನು ತಿರುಗಿತು!

"ಬಂತು ನೋಡೇ! ಎಲ್ಲಿ ನಿನ್ನ ಎಂಜಿನಿಯರಮ್ಮ?"

ಪರದೆ ಮಾತ್ರ ಕಪ್ಪಾಗೇ ಇತ್ತು. ಒಳಗಿನ ಬೋರ್ಡಿಗೆ ಸಿಕ್ಕಿಸುವ ಮೆಮೊರಿ ಪಟ್ಟಿ ಸಡಿಲವಾಗಿರಬೇಕು ಅಂದುಕೊಂಡ. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಆಮೇಲೆ ಮುಟ್ಟಬೇಕು. ಇದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಪ್ಲಗ್ಗು ಬೀರುವಿನ ಹಿಂದೆ ಇತ್ತು, ಬೀರು ಸರಿಸಬೇಕಿತ್ತು. ಒಂದು ನಿಮಿಷದ ಕೆಲಸಕ್ಕೆ ಅದೆಲ್ಲ ಯಾಕೆ ಅಂತ ಪಟ್ಟಿಯನ್ನು ಒತ್ತಿದ. ಪೆಟ್ಟಿಗೆ ಮೇಜಿನ ಮೇಲೆ ಜಾರಿತು.

"ಬಾರೇ ಇಲ್ಲಿ, ಒಂಚೂರು ಇದನ್ನ ಹಿಡ್ಕೋ."

"ಚಪ್ಪಲಿ ನಿಮ್ಮ ಕಾಲಲ್ಲಿದೆಯಲ್ರೀ."

"ಹೊಡೆಯಲ್ಲ ಕಣೇ. ನೋಡು, ನಾನು ಹಿಡ್ಕೊಂಡಿಲ್ವಾ? ಜುಮ್ಮೂ ಇಲ್ಲ, ಗಿಮ್ಮೂ ಇಲ್ಲ. ಎಲ್ಲ ಸರಿಮಾಡಿದ್ದೀನಿ."

ಅವಳು ಬಟ್ಟೆಯನ್ನು ಬಕೆಟ್ಟಿಗೆ ಹಾಕಿ, ಕೈ ಒರೆಸಿಕೊಂಡು, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ಬಂದಳು. ಎರಡೂ ಕೈಯಲ್ಲಿ ಪೆಟ್ಟಿಗೆಯನ್ನು ಹಿಡಿದಳು.

ಅವಳು ಕೂಗಲಿಲ್ಲ. ಕೂಗಲು ಆಗಲಿಲ್ಲ. ಹಲ್ಲು ಕಚ್ಚಿಕೊಂಡು ಅವನನ್ನೇ ನೋಡುತ್ತಿದ್ದಳು. "ಏನೇ, ಹಂಗೆ ನೋಡ್ತೀಯ?" ಅಂದ ಅವನು. ಅವಳು ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡ. ಆ ಒಂದು ಮಾತಿಗಾಗಿ ಅವನು ತನ್ನನ್ನು ಇವತ್ತಿಗೂ ಕ್ಷಮಿಸಿಕೊಂಡಿಲ್ಲ. ಆಮೇಲೆ ಅವಳ ತೋಳು ಹಿಡಿದು ಎಳೆದ. ಒದ್ದೆ ನೆಲದಲ್ಲಿ ಚಪ್ಪಲಿ ಕಾಲಿಂದ ಜಾರಿತು; ಅವನಿಗೂ ಹೊಡೆದು ಗೋಡೆಗೆ ಹೋಗಿ ಬಿದ್ದ. ಎದ್ದು ಬೀರುವಿನ ಹಿಂದೆ ಕೈ ಹಾಕಿದ, ಪ್ಲಗ್ಗು ಎಟುಕಲಿಲ್ಲ. ಮೇನ್ ಸ್ವಿಚ್ಚು ಹೊರಬಾಗಿಲ ಪಕ್ಕದಲ್ಲಿತ್ತು. ಓಡಿಹೋಗಿ ಅದನ್ನು ಕೆಳಗೆಳೆದ. ಹಜಾರದಲ್ಲಿ ಅವಳು ಬಿದ್ದ ಸದ್ದು ಕೇಳಿಸಿತು.

ಅವಳನ್ನು ಸೇರಿಸಿದ್ದು ತಂಗಿ ಕೆಲಸ ಮಾಡುವ ಆಸ್ಪತ್ರೆಗೇ. ತಂಗಿ ಮೇಲಿನ ಮಹಡಿಯಿಂದ ಓಡಿ ಬರುವಷ್ಟರಲ್ಲಿ ಡಾಕ್ಟರು ಕೈಗವಸು ತೆಗೆಯುತ್ತಿದ್ದರು. ಅವಳು ರಿಪೇರಿ ಮಾಡಿಟ್ಟ ಯಂತ್ರಗಳೆಲ್ಲ ಸರಿಯಾಗಿಯೇ ಕೆಲಸ ಮಾಡಿದ್ದವು. ಆದರೂ ಅಕ್ಕ ಉಳಿಯಲಿಲ್ಲ.

ಮೂರು ವಾರ ಅವಳು ಭಾವನ ಜೊತೆ ಮಾತಾಡಲಿಲ್ಲ. ಆಮೇಲೆ ಒಂದು ಶನಿವಾರ, ಹೇಳಿದ್ದ ಹಾಗೆಯೇ, ವೈರಿಂಗಿನವನನ್ನು ಕರೆದುಕೊಂಡು ಬಂದಳು. ಅವನು ಗೋಡೆ ಕೊರೆದು ಅರ್ಥಿಂಗ್ ತಂತಿ ಎಳೆಯುತ್ತಿದ್ದಾಗ ಅವಳು ಗುಜರಿಯಿಂದ ಬಂದ ಆ ಡಬ್ಬಿಯ ಮುಚ್ಚಳ ತೆಗೆದು, ಜಜ್ಜಿಹೋದ ತಂತಿಯನ್ನು ತೋರಿಸಿದಳು. ಉಗುರಿನಷ್ಟು ಜಾಗದಲ್ಲಿ ತಾಮ್ರ ಕಾಣುತ್ತಿತ್ತು.

"ಆ ಪಿನ್ನು ಇದ್ದಿದ್ರೆ?" ಬೀಗದಣ್ಣ ಕೇಳಿದ.

"ಆ ಪಿನ್ನೂ, ಗೋಡೇಲಿ ಈ ತಂತಿನೂ ಇದ್ದಿದ್ರೆ, ಪ್ಲಗ್ ಸಿಕ್ಕಿಸಿದ ಕೂಡ್ಲೇ ಫ್ಯೂಸ್ ಹೋಗ್ತಿತ್ತು ಭಾವ. ನೀವು ಒಂದಿಷ್ಟು ಬೈಕೊಳ್ತಿದ್ರಿ. ಅಷ್ಟೆ."

"ನನ್ನ ಕಾಲಲ್ಲಿ ಚಪ್ಪಲಿ ಇಲ್ದೇ ಇದ್ದಿದ್ರೆ, ಮೊದ್ಲು ನಂಗೇ ಹೊಡೀತಿತ್ತು ಅಲ್ವಾ?"

ಅವಳು ಮುಚ್ಚಳವನ್ನು ಕೆಳಗಿಟ್ಟು ಅಡುಗೆಮನೆಗೆ ಹೋಗಿ ಅತ್ತಳು. ಅವನು ಹಜಾರದಲ್ಲೇ ಕೂತು ಅತ್ತ.

ಈಗ ಬೀಗದಣ್ಣನ ಅಂಗಡಿಯ ಹಲಗೆಯಲ್ಲಿ ಕೀಲಿಗಳ ನಡುವೆ ಒಂದು ಹಿತ್ತಾಳೆಯ ಪಿನ್ನು ತೂಗುತ್ತದೆ. ಹೋದ ವಾರ ಬೇಕರಿಯವರು ಗಲ್ಲಾದ ಕೀಲಿ ಮಾಡಿಸಲು ಬಂದವರು ಕೇಳಿದರು, "ಇದ್ಯಾವ ಬೀಗದ್ದಣ್ಣ?"

"ಬೀಗದ್ದಲ್ಲ. ಪ್ಲಗ್ಗಿಂದು. ನಾನೇ ಮುರಿದಿದ್ದು. ಮುರೀದೆ ಇದ್ದಿದ್ರೆ ನನ್ನ ಹೆಂಡ್ತಿ ಇವತ್ತು ಮನೇಲಿರ್ತಿದ್ಲು." ಅವನು ಕೀಲಿ ಉಜ್ಜುತ್ತಿದ್ದ ಅರವನ್ನು ಕೆಳಗಿಟ್ಟ. "ನಿಮ್ಮ ಹಿಟ್ಟು ಕಲಸೋ ಯಂತ್ರ ಹೊಡೆಯುತ್ತಾ?"

"ಹೇ, ಸ್ವಲ್ಪ. ನಾವು ಗೋಣಿಚೀಲದ ಮೇಲೆ ನಿಂತ್ಕೊಂಡು ಕೆಲಸ ಮಾಡ್ತೀವಿ. ಏನೂ ಆಗಲ್ಲ ಬಿಡಿ."

"ಗೋಣಿಚೀಲ ಎಷ್ಟಿದೆ?"

"ಒಂದು."

"ಯಂತ್ರದ ಹತ್ರ ಬರೋರು?"

ಬೇಕರಿಯವರು ಬೆರಳು ಮಡಿಸಿ ಎಣಿಸತೊಡಗಿದರು. ಅವರ ಹೆಂಡತಿ, ಅವರ ಸೊಸೆ, ಇಬ್ಬರೂ ಅಲ್ಲೇ ಕೆಲಸ ಮಾಡುವವರು. ಬೀಗದಣ್ಣ ಅಂಗಡಿಯ ಬಾಗಿಲೆಳೆದು, ಅವರ ಜೊತೆಗೇ ನಡೆದುಕೊಂಡು ಹೋಗಿ ಯಂತ್ರದ ಪ್ಲಗ್ಗನ್ನು ಕೀಳಿಸಿದ. ಆಮೇಲೆ ವೈರಿಂಗಿನವನಿಗೆ ಫೋನು ಮಾಡಿಸಿದ. ಅರ್ಥಿಂಗ್ ಹಾಕಿಸಿ, ಕರೆಂಟು ಸೋರಿದರೆ ತಾನಾಗಿ ಆರುವ ಸ್ವಿಚ್ಚನ್ನೂ ಕೂರಿಸುವ ತನಕ ಆ ಯಂತ್ರ ತಿರುಗಲಿಲ್ಲ. ಎರಡು ದಿನ ಸೊಸೆ ಕೈಯಲ್ಲೇ ಹಿಟ್ಟು ಕಲಸಿದಳಂತೆ. ಕಲಸಲಿ ಬಿಡಿ, ಕೈ ನೋಯುತ್ತದೆ, ಅಷ್ಟೇ ತಾನೇ!

ಇದನ್ನು ಓದುತ್ತಿರುವವರೇ, ಓದಿಸಿ ಕೇಳುತ್ತಿರುವವರೇ, ಈಗಲೇ ಎದ್ದು ನಿಮ್ಮ ಮನೆಯ ಪ್ಲಗ್ಗುಗಳನ್ನು ನೋಡಿ. ಎರಡೇ ಪಿನ್ನಿಟ್ಟು ತಯಾರಾದ ಮೊಬೈಲ್ ಚಾರ್ಜರಿನ ಮಾತು ಬೇರೆ. ಮೂರಿದ್ದದ್ದನ್ನು ನೀವು ಎರಡು ಮಾಡಿದ್ದರೆ ಅದನ್ನು ಇವತ್ತೇ ಬದಲಾಯಿಸಿ. ಸಾಕೆಟ್ಟಿನ ಹಿಂದೆ ನಿಜವಾಗಿ ಅರ್ಥಿಂಗ್ ತಂತಿ ಇದೆಯಾ ಅಂತ ತಿಳಿದವರಿಂದ ನೋಡಿಸಿ. ಕೆಟ್ಟ ಪವರ್ ಸಪ್ಲೈಯನ್ನು ಮನೆಯಲ್ಲಿ ಬಿಚ್ಚಬೇಡಿ, ಹೊಸದು ಹಾಕಿಸಿ. ಪ್ಲಗ್ಗು ಕೈಗೆ ಎಟುಕುವ ಹಾಗಿರಲಿ; ಅದನ್ನು ಕೀಳದೆ ಪೆಟ್ಟಿಗೆಯೊಳಗೆ ಬೆರಳು ಹಾಕಬೇಡಿ. ಯಾರಿಗಾದರೂ ಕರೆಂಟು ಹಿಡಿದರೆ ಅವರನ್ನು ಮುಟ್ಟಬೇಡಿ, ಮೊದಲು ಮೇನ್ ಸ್ವಿಚ್ ಆರಿಸಿ. ಅದು ಎಲ್ಲಿದೆ ಅಂತ ಮನೆಯವರಿಗೆಲ್ಲ ಇವತ್ತೇ ತೋರಿಸಿ.

ಜುಮ್ ಅಂದರೆ ನಗಬೇಡಿ. ನಿಮ್ಮ ಮನೆಯಲ್ಲೂ ಅದಕ್ಕೆಂದು ಒಂದು ಜೊತೆ ಚಪ್ಪಲಿ ಇಟ್ಟಿದ್ದರೆ, ಅದು ಕಾಯುವುದು ಒಬ್ಬರನ್ನು ಮಾತ್ರ. ಪಕ್ಕದಲ್ಲಿ ಬರಿಗಾಲಲ್ಲಿ ಯಾರು ನಿಂತಿದ್ದಾರೆ ಅಂತ ಒಮ್ಮೆ ತಿರುಗಿ ನೋಡಿ.