ಎರವಲು ಗೋಲ್‌ಕೀಪರ್

ಐಸ್ ಹಾಕಿಯಲ್ಲಿ ಗೋಲು ಕಾಯಲು ಯಾರಿಗೂ ಮನಸ್ಸಿರುವುದಿಲ್ಲ. ಕಲ್ಲಿನಷ್ಟು ಗಟ್ಟಿಯಾದ ರಬ್ಬರ್ ಬಿಲ್ಲೆ ಎದೆಯತ್ತ ಹಾರಿಬರುವಾಗ ಅಡ್ಡ ನಿಲ್ಲಲು ಯಾರಿಗೆ ತಾನೇ ಆಸೆ? ಹಾಗಾಗಿ ದೋಹಾದ ಮಾಲೊಂದರ ಐಸ್ ರಿಂಕಿನಲ್ಲಿ ಶುಕ್ರವಾರ ಬೆಳಿಗ್ಗೆ ಆಡುವ ತಂಡಗಳ ನಡುವೆ ಒಂದು ಪದ್ಧತಿ ಬೆಳೆದಿತ್ತು. ಒಂದು ತಂಡಕ್ಕೆ ಕೀಪರ್ ಇಲ್ಲದಿದ್ದರೆ, ಹೆಚ್ಚಿಗೆ ಇದ್ದವರು ಎರವಲು ಕೊಡಬೇಕು, ಪಕ್ಕದ ಮನೆಯವರು ಏಣಿ ಕೊಡುವ ಹಾಗೆ. ಕಲ್ಯಾಣಪುರದ ನೊರ್ಬರ್ಟ್ ಹತ್ತು ವರ್ಷಗಳಿಂದ ಅಲ್ಲಿ ಅಂಥ ಏಣಿಯಾಗಿದ್ದ.

ಊರಿನ ಇಗರ್ಜಿ ಮೈದಾನದಲ್ಲಿ ಫುಟ್‌ಬಾಲ್ ಗೋಲು ಕಾದದ್ದೇ ಅವನ ಹಳೆಯ ಬಂಡವಾಳ. ಮೆಸಯೀದಿನ ಕಾರ್ಖಾನೆಯೊಂದರ ಆಫೀಸಿಗೆ ಸೇರಿದ ಮೇಲೆ ಅಲ್ಲಿನ ಎಂಜಿನಿಯರುಗಳು ಅವನನ್ನು ರಿಂಕಿಗೆ ಎಳೆದುತಂದರು. ಆಗ ನೊರ್ಬರ್ಟನಿಗೆ ಮೂವತ್ತಾರು ದಾಟಿತ್ತು. ಮಕ್ಕಳು ಹಿಡಿದುಕೊಂಡು ಜಾರಲು ಇಟ್ಟಿದ್ದ ಪ್ಲಾಸ್ಟಿಕ್ ಪೆಂಗ್ವಿನ್ ಹಿಡಿದು, ಬಿದ್ದು, ಎದ್ದು ಸ್ಕೇಟಿಂಗ್ ಕಲಿತ. ಅವನ ಹೆಂಡತಿ ಕೊನ್ಸೆಪ್ಟಾ ಊರಿನಲ್ಲಿ ಟೀಚರ್. ವಿಡಿಯೋ ನೋಡಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು.

ಆಟವೇನೋ ಬಂತು, ತಂಡ ಮಾತ್ರ ಸಿಗಲಿಲ್ಲ. ಒಂದು ವಾರ ಕೆಂಪು ಅಂಗಿ, ಇನ್ನೊಂದು ವಾರ ನೀಲಿ. ಬೇರೆಯವರ ಬೆನ್ನ ಮೇಲೆ ಅವರವರ ಹೆಸರು, ಅವನ ಬೆನ್ನು ಬೋಳು. ಆಟ ಮುಗಿದ ಮೇಲೆ ಅವರೆಲ್ಲ ಒಟ್ಟಿಗೆ ತಿಂಡಿಗೆ ಹೋಗುತ್ತಿದ್ದರು. "ಥ್ಯಾಂಕ್ಸ್, ನೊರ್ಬರ್ಟ್" ಎಂದು ಭುಜ ತಟ್ಟಿ ಹೋಗುತ್ತಿದ್ದರೇ ಹೊರತು ಬಾ ಎಂದು ಕರೆದವರಿಲ್ಲ. ಕೆಟ್ಟವರೇನಲ್ಲ, ಪಾಪ. ಏಣಿಯನ್ನು ಊಟಕ್ಕೆ ಕರೆಯುವ ರೂಢಿ ಎಲ್ಲಿಯೂ ಇಲ್ಲವಷ್ಟೆ. ಆಳೆತ್ತರದ ಚೀಲ ಹೊತ್ತು ಅವನು ಅಲ್ ಅಜೀಜಿಯಾದ ರೂಮಿಗೆ ಬಂದು ಬೆವರಿನ ಪ್ಯಾಡುಗಳನ್ನು ಟೆರೇಸಿನಲ್ಲಿ ಒಣಗಿಸುತ್ತಿದ್ದ. ಒಣಮೀನಿನ ಅಂಗಡಿ ಯಾವಾಗ ತೆರೆದಿರಿ ಎಂದು ರೂಮ್‌ಮೇಟ್ ಗೋಪಿನಾಥ್ ಮೂಗು ಮುಚ್ಚಿಕೊಂಡು ಕೇಳುತ್ತಿದ್ದ. ಆಮೇಲೆ ನೊರ್ಬರ್ಟ್ ಒಬ್ಬನೇ ಕೂತು ನಿನ್ನೆಯ ಸಾರು ಬಿಸಿಮಾಡಿ ಉಣ್ಣುತ್ತಿದ್ದ. ಅವನಿಗೆ ಬೇಜಾರಾಗುತ್ತಿತ್ತು, ತುಂಬಾ ಬೇಜಾರಾಗುತ್ತಿತ್ತು. ಹೇಳಿಕೊಳ್ಳಲು ನಾಚಿಕೆ.

ಈ ವರ್ಷ ಅದೃಷ್ಟ ತಿರುಗಿದ ಹಾಗೆ ಕಂಡಿತು. ಕೆಂಪು ತಂಡದ ಕೀಪರ್, ಫಿನ್ಲೆಂಡಿನವನು, ರಜೆಯ ಮೇಲೆ ಊರಿಗೆ ಹೋದ. ಅವನ ಜಾಗದಲ್ಲಿ ನಿಂತ ನೊರ್ಬರ್ಟ್ ತಂಡವನ್ನು ಫೈನಲ್ಲಿಗೆ ಮುಟ್ಟಿಸಿದ. ಕ್ಯಾಪ್ಟನ್ ಗ್ಯಾವಿನ್ ಬೆಂಗಳೂರಿನಲ್ಲಿ ಹುಟ್ಟಿ ಕೆನಡಾದಲ್ಲಿ ಬೆಳೆದ ಎಂಜಿನಿಯರ್. ಅವನ ಕನ್ನಡ ಕುಂಟುತ್ತಿತ್ತು, ಪ್ರೀತಿ ಕುಂಟುತ್ತಿರಲಿಲ್ಲ.

"ಫೈನಲ್‌ಗೆ ಅವನು ವಾಪಸ್ ಬರ್ತಾನೆ ಅಂಕಲ್. ಆದ್ರೆ ಅದೇ ಅವನ ಲಾಸ್ಟ್ ಮ್ಯಾಚ್. ನೆಕ್ಸ್ಟ್ ಸೀಸನ್ ನೀವೇ ನಮ್ಮ ಕೀಪರ್. ಪರ್ಮನೆಂಟ್. ಬೆನ್ನ ಮೇಲೆ ನೇಮ್ ಹಾಕ್ಸೋಣ."

ಆ ವಾರವೆಲ್ಲ ನೊರ್ಬರ್ಟ್ ಆಫೀಸಿನ ಬಸ್ಸಿನಲ್ಲಿ ತನ್ನಷ್ಟಕ್ಕೇ ನಗುತ್ತಿದ್ದ.

ಫೈನಲ್ಲಿನ ದಿನ ಫಿನ್ಲೆಂಡಿನವನು ಬಂದ, ನೊರ್ಬರ್ಟ್ ಬೆಂಚಿನ ಮೇಲೆ ಕೂತ. ಅಷ್ಟರಲ್ಲಿ ನೀಲಿ ತಂಡದ ಕ್ಯಾಪ್ಟನ್ ಡೇವಿಡ್ ಓಡಿಬಂದ. ಅವರ ಕೀಪರಿಗೆ ಚಳಿಜ್ವರ, ನಿಲ್ಲಲೂ ಆಗುತ್ತಿಲ್ಲ. ಪದ್ಧತಿ ಪದ್ಧತಿಯೇ. ಗ್ಯಾವಿನ್ ನೊರ್ಬರ್ಟನತ್ತ ತಿರುಗಿ, "ಹೋಗಿ ಅಂಕಲ್" ಎಂದ. ನೊರ್ಬರ್ಟ್ ನೀಲಿ ಅಂಗಿ ತೊಟ್ಟು ಎದುರು ಗೋಲಿಗೆ ಹೋಗಿ ನಿಂತ.

ಆಟದ ಮೂರು ಸರದಿಗಳಲ್ಲಿ ಎರಡು ಮುಗಿದಾಗ ಒಂದಕ್ಕೊಂದು ಗೋಲು ಸಮ. ನೊರ್ಬರ್ಟ್ ಅಂದು ಗೋಡೆಯಾಗಿದ್ದ. ಮೊಣಕಾಲು ಮಡಚಿ, ಕೈಗವಸು ಚಾಚಿ, ಮುಖವಾಡದಿಂದಲೂ ತಡೆದ. ಕೊನೆಯ ಸರದಿಗೆ ಮೊದಲು ಗ್ಯಾವಿನ್ ಗೋಲಿನ ಹತ್ತಿರ ಜಾರಿ ಬಂದು ತಗ್ಗಿದ ದನಿಯಲ್ಲಿ ಕೇಳಿದ:

"ಅಂಕಲ್, ನೀವು ನಮ್ಮವರೇ ಅಲ್ವಾ?"

ಈ ಮಾತು ಕೇಳಲು ಅವನು ಹತ್ತು ವರ್ಷ ಕಾದಿದ್ದ. ಬಂದದ್ದು ಮಾತ್ರ ಇಂಥ ಹೊತ್ತಿನಲ್ಲಿ. ನೊರ್ಬರ್ಟ್ ಮುಖವಾಡ ಕೆಳಗೆಳೆದುಕೊಂಡು ಗೋಲಿನ ನಡುವೆ ನಿಂತ.

ಆಟ ಮುಗಿಯಲು ಇನ್ನೇನು ಸ್ವಲ್ಪವೇ ಇದೆ ಅನ್ನುವಾಗ ಗ್ಯಾವಿನ್ ಎಲ್ಲರನ್ನೂ ತಪ್ಪಿಸಿ ಒಬ್ಬನೇ ನುಗ್ಗಿ ಬಂದ. ಇಷ್ಟು ವಾರ ಪ್ರಾಕ್ಟೀಸಿನಲ್ಲಿ ಅವನ ಹೊಡೆತ ತಡೆದವನಲ್ಲವೇ, ಗ್ಯಾವಿನ್ ಕೀಪರಿನ ಬಲಕ್ಕೆ ನೋಡಿ ಎಡಕ್ಕೆ ಹೊಡೆಯುತ್ತಾನೆ ಎಂದು ನೊರ್ಬರ್ಟನಿಗೆ ಗೊತ್ತಿತ್ತು. ಎಡಗಾಲು ಒಂದು ಚೂರು ತಡವಾದರೆ ಸಾಕು. ಯಾರಿಗೂ ಅನುಮಾನ ಬಾರದು. ಮುಂದಿನ ಶುಕ್ರವಾರಗಳೆಲ್ಲ ಅವನವು, ಅಂಗಿ ಅವನದು, ತಿಂಡಿಯ ಮೇಜಿನಲ್ಲಿ ಒಂದು ಕುರ್ಚಿ ಅವನದು. ಆದರೆ ಬಂದದ್ದನ್ನು ತಡೆಯುವುದೊಂದನ್ನು ಬಿಟ್ಟು ಆ ರಿಂಕಿನಲ್ಲಿ ಅವನು ಬೇರೇನೂ ಮಾಡಿದವನಲ್ಲ. ಅದನ್ನೂ ಮಾರಿಕೊಂಡರೆ ಆ ಕುರ್ಚಿಯಲ್ಲಿ ಕೂರುವವನು ಯಾರು? ಎಡಗಾಲು ಸರಕ್ಕನೆ ಚಾಚಿತು. ಬಿಲ್ಲೆ ಪ್ಯಾಡಿಗೆ ಬಡಿದು ದೂರ ಹಾರಿತು, ಅದನ್ನು ಹಿಡಿದ ಡೇವಿಡ್ ಆ ತುದಿಗೆ ಕೊಂಡೊಯ್ದು ಗೋಲು ಹೊಡೆದ. ನೀಲಿ ಗೆದ್ದಿತು.

ಎರಡೂ ತಂಡಗಳು ಸಾಲಾಗಿ ಕೈಕುಲುಕುವಾಗ ಗ್ಯಾವಿನ್ ಅವನ ಮುಖ ನೋಡಲಿಲ್ಲ. "ಖಲಾಸ್, ಅಂಕಲ್" ಎಂದು ಕೈಮುಟ್ಟಿಸಿ ಮುಂದೆ ಹೋದ. ಯಾವುದು ಮುಗಿದದ್ದು ಎಂದು ನೊರ್ಬರ್ಟ್ ಕೇಳಬೇಕಾಗಿರಲಿಲ್ಲ.

ಆದರೂ ಒಂದು ಗಳಿಗೆ ಸಂತೋಷ ಬಂತು, ಬರಲಿಲ್ಲ ಎನ್ನಲಾಗದು. ನೀಲಿಯವರೆಲ್ಲ ಓಡಿಬಂದು ಅವನ ಮೇಲೆ ಬಿದ್ದರು, ಹೆಲ್ಮೆಟ್ಟಿಗೆ ಹೆಲ್ಮೆಟ್ ತಾಗಿಸಿದರು. ಅಷ್ಟು ಜನರ ಭಾರ ಮೈಮೇಲೆ ಬಿದ್ದಾಗ ನೊರ್ಬರ್ಟ್ ಮುಖವಾಡದೊಳಗೆ ಅತ್ತೇಬಿಟ್ಟ. ಆಮೇಲೆ ಕಪ್ಪಿನೊಂದಿಗೆ ಫೋಟೋಕ್ಕೆ ಸಾಲು ನಿಂತರು. ಐಸ್ ಹಾಕಿಯವರ ಫೋಟೋದಲ್ಲಿ ಕೀಪರ್ ಎಲ್ಲರ ಮುಂದೆ ಅಡ್ಡ ಮಲಗುವುದು ವಾಡಿಕೆ. ಕೀಪರ್ ಎಲ್ಲಿ, ಕೀಪರ್ ಎಲ್ಲಿ ಎಂದು ಎಲ್ಲರೂ ಕೂಗಿದರು. ನೊರ್ಬರ್ಟ್ ಮುಖವಾಡ ತೆಗೆದು, ಕಣ್ಣೊರೆಸಿಕೊಂಡು, ಮಲಗಲು ಮೊಣಕಾಲೂರಿದ.

ಅಷ್ಟರಲ್ಲಿ ಜ್ವರ ಬಂದಿದ್ದ ಅವರ ಕೀಪರ್ ಹುಡುಗ ತಲೆ, ಮುಖವೆಲ್ಲ ಮುಚ್ಚುವಂತೆ ಕಂಬಳಿ ಹೊದ್ದು ನಡುಗುತ್ತ ಬಂದ. ಎಲ್ಲರೂ ಚಪ್ಪಾಳೆ ತಟ್ಟಿ, ಅವನನ್ನು ಎತ್ತಿ ತಂದು ಮುಂದೆ ಮಲಗಿಸಿದರು. ಡೇವಿಡ್ ತನ್ನ ಫೋನನ್ನು ನೊರ್ಬರ್ಟನ ಕೈಗೆ ಕೊಟ್ಟು, "ಪ್ಲೀಸ್" ಎಂದು ನಕ್ಕ.

ಮೊಣಕಾಲೂರಿದ್ದು ಒಳ್ಳೆಯದೇ ಆಯಿತು. ಫೋಟೋ ತೆಗೆಯಲು ಹಾಗೆ ಕೂತ ಹಾಗೆ ಕಂಡಿತು.

ಸಂಜೆ ಪೂಜೆ ಮುಗಿಸಿ ಇಗರ್ಜಿಯಿಂದ ಹೊರಬಂದು ಡೇವಿಡ್ ಕಳಿಸಿದ್ದ ಆ ಫೋಟೋವನ್ನು ಕೊನ್ಸೆಪ್ಟಾಳಿಗೆ ಕಳಿಸಿದ. ತಕ್ಷಣ ಫೋನ್ ಬಂತು.

"ಗೆದ್ದದ್ದಾ? ದೇವರು ದೊಡ್ಡವರು ಮಾರಾಯ್ರೇ! ಆದ್ರೆ ಇದ್ರಲ್ಲಿ ನೀವು ಕಾಣೂದೇ ಇಲ್ಲ. ಎಷ್ಟು ದೊಡ್ಡ ಮಾಡಿ ನೋಡಿದೆ. ಎಲ್ಲಿದ್ದೀರಿ?"

ಫೋಟೋ ತೆಗೆದವನೇ ತಾನು ಎನ್ನಲು ಅವನು ಬಾಯಿ ತೆರೆದ. ಅಷ್ಟು ಹೊತ್ತಿಗೆ ಅವಳು ಪಕ್ಕದ ಮನೆಯವರನ್ನೆಲ್ಲ ಕರೆದು ತೋರಿಸುತ್ತಿದ್ದಳು.

"ಮುಂದೆ ಅಡ್ಡ ಮಲಗಿದ್ದಾನಲ್ಲ," ಎಂದ ನೊರ್ಬರ್ಟ್, "ಕಂಬಳಿ ಹೊದ್ದವನು. ಅದು ನಾನೇ."