ಎಂಟು ದಿನದ ಬಿಸಿಲು

‘ನಾನು ಮೊಬೈಲ್ ನೋಡಿರಲೇ ಇಲ್ಲ’ ಎಂದು ಸೋಮವಾರದ ಪುಟದಲ್ಲಿ ಬರೆದು, ಯಾರೋ ಹಿಂದೆ ನಿಂತು ಓದುತ್ತಿದ್ದಾರೇನೋ ಎಂಬಂತೆ ಶ್ರುತಿ ಡೈರಿ ಮುಚ್ಚಿದಳು.

ಆಗಿದ್ದಿಷ್ಟೇ. ಶಿವನಿ ರಸ್ತೆಯ ಹೊಲದಲ್ಲಿ ಈರುಳ್ಳಿ ಬಲಿತು ಸೊಪ್ಪು ಬಾಗಿತ್ತು. ಕಿತ್ತ ಮೇಲೆ ನಾಲ್ಕೈದು ದಿನವಾದರೂ ಅದು ನೆಲದ ಮೇಲೆ ಒಣಗಬೇಕು. ನಡುವೆ ಒಂದು ಮಳೆ ಬಿದ್ದರೂ ಕೊಳೆಯುತ್ತದೆ. ಚಿತ್ತೆ ಮಳೆಯನ್ನು ನಂಬುವ ಹಾಗಿಲ್ಲ. ಹಾಗಾಗಿ ಆಳುಗಳನ್ನು ಕರೆಯುವ ಮೊದಲು ಅಪ್ಪ ಅಂಜಿನಪ್ಪ ಜಗಲಿಯಿಂದಲೇ ಕೇಳಿದ್ದ, ಮೊಬೈಲ್ ಏನು ಹೇಳುತ್ತದೆ ಎಂದು. ನೆಟ್‌ವರ್ಕ್ ಇರಲಿಲ್ಲ. ಹಾಗೆಂದೇ ಹೇಳಬಹುದಿತ್ತು. ಆದರೆ ಬಿ.ಎಸ್ಸಿ. ಮುಗಿಸಿ ಮನೆಯಲ್ಲಿ ಕೂತು ಒಂದೂವರೆ ವರ್ಷ. ಅಪ್ಪ ಅವಳನ್ನು ಕೇಳಿ ಮಾಡುವ ಕೆಲಸ ಅದೊಂದೇ. ಎಂಟು ದಿನ ಮಳೆಯಿಲ್ಲ ಎಂದುಬಿಟ್ಟಳು.

ಸಂಜೆ ನೆಟ್‌ವರ್ಕ್ ಬಂದ ಮೇಲೆ ನೋಡಿದರೆ ಬುಧವಾರದ ಮೇಲೆ ಕಪ್ಪು ಮೋಡದ ಚಿತ್ರ. ಅಷ್ಟರಲ್ಲಿ ಎರಡು ಎಕರೆ ಈರುಳ್ಳಿಯೂ ತನ್ನ ಸೊಪ್ಪನ್ನೇ ಹೊದ್ದು ಸಾಲುಸಾಲಾಗಿ ಮಲಗಿತ್ತು.

ಬುಧವಾರ ಅವಳು ಹತ್ತು ಸಲ ಅಂಗಳಕ್ಕೆ ಬಂದಳು. ಒಂದೂ ಮೋಡವಿಲ್ಲ. ಎದುರುಮನೆಯ ಟ್ರ್ಯಾಕ್ಟರಿಗೆ ಆಯುಧಪೂಜೆಗೆ ಕಟ್ಟಿದ ಚೆಂಡುಹೂವಿನ ಹಾರ ಮುಟ್ಟಿದರೆ ಉದುರುವಂತಿತ್ತು. ಹರವಿದ ಬಟ್ಟೆ ಒಂದು ಲೋಟ ಕಾಫಿ ಕುಡಿಯುವುದರೊಳಗೆ ಗರಿಗರಿಯಾಗುತ್ತಿತ್ತು. ಅಜ್ಜಂಪುರಕ್ಕೆಲ್ಲ ಹಿತವಾಗಿದ್ದ ಆ ಬಿಸಿಲಲ್ಲಿ ಅವಳೊಬ್ಬಳೇ ಕಳ್ಳಿಯ ಹಾಗೆ ಓಡಾಡಿದಳು.

ಗುರುವಾರವೂ ಮಳೆಯಿಲ್ಲ, ಶುಕ್ರವಾರವೂ ಇಲ್ಲ. ಮೊಬೈಲಿನದೇ ಸುಳ್ಳಾಯಿತು, ಇವಳದು ನಿಜವಾಯಿತು. ಗಡ್ಡೆ ಕೆಂಪಗೆ ಒಣಗಿ ಚೀಲ ಸೇರುತ್ತಿದ್ದಂತೆ ಅಪ್ಪ ಹೋಟೆಲಿನಲ್ಲಿ ಮಗಳ ಗುಣಗಾನ ಮಾಡಿ ಬಂದ. ಸೊಸೈಟಿಗೆ ಹಾಲು ಹಾಕಲು ಹೋದರೆ ಹಾಲು ಅಳೆಯುವ ಪರಮೇಶ್ ಕ್ಯೂನಲ್ಲಿದ್ದವರಿಗೆ, “ಜಾಗ ಬಿಡ್ರಪ್ಪಾ, ಹವಾಮಾನದೋರು ಬಂದ್ರು” ಎಂದ. ಎಲ್ಲರೂ ನಕ್ಕರು. ಅವಳೂ ನಗಬೇಕಾಯಿತು. ರಾತ್ರಿ ಡೈರಿಯಲ್ಲಿ ಒಂದೇ ಸಾಲು: ‘ಬಂದ ಬಿಸಿಲು ನನ್ನದಲ್ಲ.’

ಶನಿವಾರ ಬೆಳಿಗ್ಗೆ ಹಿಂದಿನ ಬೀದಿಯ ಓಬಮ್ಮ ಬಂದು ಜಗಲಿಯ ಮೇಲೆ ಕೂತಳು. ಅರ್ಧ ಎಕರೆಯ ಒಂಟಿ ಬೇಸಾಯ ಅವಳದು. ಚಿತ್ತೆಗೆ ಹೆದರಿ ವಾರವೆಲ್ಲ ಕೀಳದೆ ಕಾದಿದ್ದಳು. ಈಗ ಟೀವಿಯಲ್ಲಿ ಸೋಮವಾರದಿಂದ ಮಳೆ ಎನ್ನುತ್ತಿದ್ದರು. ಇನ್ನೂ ನಾಲ್ಕು ದಿನ ತಡಿ ಎಂದು ತಮ್ಮನ ಮಗ ಹೊನ್ನೇಶನೂ ಹೇಳಿದ್ದನಂತೆ.

“ಟೀವಿಯೋರು ಏನಾರ ಹೇಳ್ಕಳ್ಳಿ ಬಿಡವ್ವಾ” ಎಂದಳು ಓಬಮ್ಮ. “ನಿನ್ ಬಾಯಾಗ್ ಬಂದ್ರೆ ಸಾಕು. ನಾಳೆ ಕಿತ್ತಾಕ್ಲಾ?”

ಶ್ರುತಿ ಮೊಬೈಲ್ ತೆರೆದಳು. ಅದರಲ್ಲಿ ಸೋಮವಾರ ಬರೀ ಸೂರ್ಯ. ಅದನ್ನೇ ಓದಿ ಹೇಳಿದರೆ ಸುಳ್ಳೇನೂ ಆಗುತ್ತಿರಲಿಲ್ಲ. ಆದರೆ ಈ ಮುದುಕಿ ನಂಬಿ ಬಂದದ್ದು ಮೊಬೈಲನ್ನಲ್ಲ.

“ಹೇಳವ್ವಾ, ನಿಂದು ಯಾವತ್ತು ತಪ್ಪೈತೆ?” ಎಂದ ಅಪ್ಪ, ಚೀಲದ ಬಾಯಿ ಹೊಲಿಯುತ್ತಲೇ.

ಓಬಮ್ಮನ ಸೆರಗಿಗೆ ಈರುಳ್ಳಿಯ ಸಿಪ್ಪೆಯೊಂದು ಅಂಟಿತ್ತು. ಹೇಗಿದೆಯೆಂದು ನೋಡಲು ಎರಡು ಬುಡ ಆಗಲೇ ಕಿತ್ತಿರಬೇಕು. ಶ್ರುತಿ ಮೊಬೈಲನ್ನು ಜಗಲಿಯ ಮೇಲೆ ಬೋರಲು ಇಟ್ಟಳು.

“ಹೋದ ಸೋಮವಾರ ಅಪ್ಪಂಗೆ ನಾನು ಮೊಬೈಲ್ ನೋಡ್ದೇ ಹೇಳಿದ್ದು ಅಜ್ಜಿ” ಎಂದಳು. “ಮಳೆ ಬರುತ್ತೋ ಇಲ್ವೋ, ನಂಗೊತ್ತಿಲ್ಲ.”