ಬಿಸ್ಕತ್ತಿನ ಆಚೆಗಿನ ಪ್ಯಾರಾ

"ಕೊನೇ ಪ್ಯಾರಾ ಒಂದಿತ್ತಲ್ಲ, ಅದನ್ನ ನಾನು ಬರೆದಿದ್ನೋ ಇಲ್ವೋ?" ಊಟಕ್ಕೆ ಕೂತ ಮಾವ ಪತ್ರಿಕೆಯನ್ನು ಮತ್ತೊಮ್ಮೆ ತಿರುವಿ ಕೇಳಿದರು.

ಅಳಿಯ ತುತ್ತು ಅಗಿಯುತ್ತಲೇ ಇದ್ದ. ಆ ಪತ್ರಿಕೆಯಲ್ಲಿ ಅವನು ಪ್ರೂಫ್ ರೀಡರ್. ಅಚ್ಚಿಗೆ ಹೋಗುವ ಮುಂಚೆ ಪುಟವನ್ನು ಲೇಖಕರ ಪ್ರತಿಯೊಂದಿಗೆ ತಾಳೆ ನೋಡುತ್ತ ಕಡೆಯ ಸಾಲಿನವರೆಗೂ ಓದಿ, ಮೂಲೆಯಲ್ಲಿ 'ಓಕೆ' ಎಂದು ಬರೆದು ಸಹಿ ಹಾಕುವುದೇ ಅವನ ಕೆಲಸ. ಅದು ಬಿತ್ತೆಂದರೆ ಮುಗಿಯಿತು, ಆಮೇಲೆ ಸಂಪಾದಕರೂ ಆ ಪುಟ ಮುಟ್ಟುವುದಿಲ್ಲ.

ಮಾವನ ಲೇಖನವೂ ಆ 'ಓಕೆ'ಯ ಬಗ್ಗೆಯೇ. ನಿವೃತ್ತ ಇಂಗ್ಲಿಷ್ ಮೇಷ್ಟ್ರು, ಪತ್ರಿಕೆಯಲ್ಲಿ ಹೆಸರು ಬಂದದ್ದು ಇದೇ ಮೊದಲು. ಲೋಕವೆಲ್ಲ ಆಡುವ ಆ ಮಾತು ಎಲ್ಲಿ ಹುಟ್ಟಿತು ಎಂಬುದಕ್ಕೆ ನೂರೆಂಟು ತಕರಾರು. ಅಮೆರಿಕದ ಹಳೇ ಪತ್ರಿಕೆಯೊಂದರ ತಮಾಷೆಯಿಂದ ಎಂದು ಕೆಲವರು, ಅಲ್ಲಿನ ಮೂಲನಿವಾಸಿಗಳ ನುಡಿಯಿಂದ ಎಂದು ಕೆಲವರು, ಬಿಸ್ಕತ್ತಿನ ಪೆಟ್ಟಿಗೆಯ ಮೇಲೆ ಯಾರೋ ಒತ್ತಿಸಿದ ಹೆಸರಿನ ಮೊದಲಕ್ಷರಗಳಿಂದ ಎಂದು ಮತ್ತೆ ಕೆಲವರು. ಈ ಪುರಾಣ ಕೇಳಿ ಕೇಳಿ ಅಳಿಯನ ಕಿವಿ ತೂತುಬಿದ್ದಿತ್ತು. ಪುಟ ಕೈಗೆ ಬಂದಾಗ, ಅಯ್ಯೋ, ಇದನ್ನೇನು ಓದುವುದು, ಬಾಯಿಪಾಠ ಆಗಿದೆಯಲ್ಲ ಎಂದುಕೊಂಡು ತಲೆಬರಹ ಮಾತ್ರ ನೋಡಿ 'ಓಕೆ' ಗೀಚಿಬಿಟ್ಟಿದ್ದ ಪುಣ್ಯಾತ್ಮ.

ಅಚ್ಚಾದ ಲೇಖನ ಬಿಸ್ಕತ್ತಿಗೇ ನಿಂತುಹೋಗಿತ್ತು, ಅದೇ ಪರಮಸತ್ಯ ಎಂಬಂತೆ. ಪಾರ್ಕಿನ ಗೆಳೆಯರು 'ಬಿಸ್ಕತ್ತು ಮೇಷ್ಟ್ರೇ' ಎಂದು ಕರೆದದ್ದಕ್ಕೆ ಮಾವ ತಾವೂ ನಕ್ಕಿದ್ದರು. ಅವರನ್ನು ಕೊರೆಯುತ್ತಿದ್ದದ್ದು ಬೇರೆ. ಬರೆದ ಒಂದೇ ಪ್ರತಿಯನ್ನು ಪತ್ರಿಕೆಗೆ ಕೊಟ್ಟುಬಿಟ್ಟಿದ್ದರು, ತೆಗೆದು ನೋಡಲು ಮನೆಯಲ್ಲಿ ಏನೂ ಇರಲಿಲ್ಲ. ಅವರ ಅಣ್ಣನಿಗೆ ಇದೇ ವಯಸ್ಸಿನಲ್ಲಿ ಮರೆವು ಶುರುವಾಗಿ, ಕಡೆಗೆ ಕಟ್ಟಿಕೊಂಡ ಹೆಂಡತಿಯನ್ನೇ "ಯಾರಮ್ಮ ನೀನು?" ಎಂದು ಕೇಳುವಂತಾಗಿತ್ತು.

"ನೀವು ಓದಿರ್ತೀರಲ್ಲ. ಇತ್ತಾ?"

ಓದಲಿಲ್ಲ ಎನ್ನಬಹುದಿತ್ತು. ಆದರೆ ಎದುರಿಗೆ ಹೆಂಡತಿ ಕೂತಿದ್ದಳು. "ಇರ್ಲಿಲ್ಲ ಅನ್ಸುತ್ತೆ ಮಾವ," ಎಂದ.

ಮಾವ ಎದ್ದು ಒಳಗೆ ಹೋದರು. ಯಾರನ್ನೂ ಮುಟ್ಟಗೊಡದ ತಮ್ಮ ಮಾತ್ರೆಯ ಡಬ್ಬಿ ತಂದು ಮಗಳ ಮುಂದಿಟ್ಟರು. "ಇನ್ಮೇಲೆ ನೀನೇ ಕೊಡಮ್ಮ. ನನ್ನ ತಲೆ ನಂಬೋ ಹಾಗಿಲ್ಲ."

ಅಳಿಯ ಅರ್ಧ ಊಟಕ್ಕೇ ಎದ್ದು ಕೈ ತೊಳೆದ.

ಮಾರನೇ ದಿನ ಕಚೇರಿಗೆ ಕಾಲಿಟ್ಟವನೇ ಪುಟ ಕಟ್ಟುವವನ ಬಳಿ ಹೋಗಿ ಕೊನೇ ಪ್ಯಾರಾದ ಬಗ್ಗೆ ಕೇಳಿದ. ಅವನು ಕಂಪ್ಯೂಟರಿನಿಂದ ಕಣ್ಣೆತ್ತದೆ, "ಹೌದು ಸಾರ್, ಬಾಲ ಕತ್ತರಿಸಿದೆ. ಜಾಹೀರಾತು ಬಂತು, ಜಾಗ ಸಾಲ್ಲಿಲ್ಲ. ಕತ್ತರಿಸಿದ್ಮೇಲೇ ಪುಟ ನಿಮ್ಗೆ ಕಳ್ಸಿದ್ದು. ಬೇಡ ಅಂದಿದ್ರೆ ಬೇರೆ ಏನಾದ್ರೂ ಕೀಳ್ತಿದ್ದೆ. ನೀವೇ ಓಕೆ ಹಾಕಿದ್ರಲ್ಲ!" ಎಂದ. ಅಳಿಯ ತನ್ನ ಕುರ್ಚಿಗೆ ಹೋಗಿ ಕೂತ. ಅವತ್ತು ಪ್ರತಿ ಪುಟದಲ್ಲೂ ಓದಿದ್ದನ್ನೇ ಮತ್ತೆ ಮತ್ತೆ ಓದಿದ.

ಸಂಜೆ ಮನೆಗೆ ಬಂದಾಗ ಮಾವ ಮಗಳ ಮುಂದೆ ಅಂಗೈ ಚಾಚಿ ಮಾತ್ರೆಗಾಗಿ ಕಾಯುತ್ತಿದ್ದರು. ಊರಿನ ಅರ್ಧ ಮಕ್ಕಳ ಕಿವಿ ಹಿಂಡಿದ್ದ ಕೈ ಅದು. ಅಳಿಯನಿಗೆ ನೋಡಲಾಗಲಿಲ್ಲ. ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು ಹೇಳಿದ: "ಮಾವ, ನೀವು ಬರೆದಿದ್ರಿ. ಜಾಗ ಸಾಲ್ದೆ ಕಿತ್ತುಹಾಕಿದ್ದಾರೆ. ನಾನು ಓದದೇ ಸಹಿ ಹಾಕ್ದೆ."

"ಮತ್ತೆ ನಿನ್ನೆ ಇರ್ಲಿಲ್ಲ ಅಂದ್ರಲ್ರೀ?" ಹೆಂಡತಿ ದಿಗ್ಗನೆ ತಿರುಗಿದಳು. "ಅಪ್ಪ ರಾತ್ರಿಯೆಲ್ಲ ಕಣ್ಣು ಮುಚ್ಚಿಲ್ಲ, ಗೊತ್ತಾ?"

"ಮರ್ಯಾದೆ ಹೋಗುತ್ತೆ ಅಂತ ಸುಳ್ಳು ಹೇಳ್ದೆ," ಎಂದ ಅವನು.

ಮಾವ ಅವನನ್ನೇ ನೋಡಿದರು. "ಅದ್ರಲ್ಲಿ ಏನಿತ್ತು ಹೇಳಿ ನೋಡೋಣ."

"ಗೊತ್ತಿಲ್ಲ ಮಾವ. ನಾನದನ್ನ ಓದೇ ಇಲ್ಲ."

ಮಾವ ಕಣ್ಣು ಮುಚ್ಚಿದರು. ಪಾಠ ಒಪ್ಪಿಸುವವರ ಹಾಗೆ ಒಂದೊಂದೇ ಮಾತು ಹೊರಬಂತು. "ಬಿಸ್ಕತ್ತಿನದು ಬರೀ ಕಟ್ಟುಕಥೆ ಇದ್ದೀತು. ಹೆಚ್ಚಿನ ವಿದ್ವಾಂಸರ ಒಲವು ಪತ್ರಿಕೆಯ ತಮಾಷೆಯ ಕಡೆಗೆ. ಈ ಮಾತಿನ ಹುಟ್ಟು ಎಲ್ಲೇ ಇರಲಿ, ಇದರ ಬೆಲೆ ನಾನು ಕಲಿತದ್ದು ನಮ್ಮ ಮನೆಯ ಪ್ರೂಫ್ ರೀಡರನಿಂದ. ಕಡೆಯ ಸಾಲಿನವರೆಗೂ ಓದದೆ ಅವನು ಇದನ್ನು ಬರೆಯುವುದಿಲ್ಲ."

ಕಣ್ಣು ತೆರೆದರು. "ಅಷ್ಟೇ. ಒಂದಕ್ಷರ ಬಿಟ್ಟಿಲ್ಲ ನಾನು," ಎಂದು ಮಗಳಿಗೆ ಹೇಳಿದರು.

ಅಳಿಯ ಬಾಗಿಲಲ್ಲೇ ಇದ್ದ. ಮಾವ ಮಗಳ ಕೈಯಿಂದ ಡಬ್ಬಿ ಈಸಿಕೊಂಡು, ತಾವೇ ಮುಚ್ಚಳ ತೆಗೆದು, ಸಂಜೆಯ ಮಾತ್ರೆಯನ್ನು ಆರಿಸಿಕೊಂಡು ನುಂಗಿ ನೀರು ಕುಡಿದರು.